ಅಪ್ಪ ಕತ್ತರಿಸಿದ ವೈರು

ಅಪ್ಪನಿಗೆ,

ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆದು ನಿಮ್ಮ ಟೂಲ್ ಬ್ಯಾಗಿನಲ್ಲಿಟ್ಟಿದ್ದೇನೆ.

ಊರಿಗೆಲ್ಲ ಇಂಟರ್‌ನೆಟ್ ಹಾಕಿಕೊಡುವ ನೀವು, ನನಗೆ ಗಣಿತದಲ್ಲಿ ಅಂಕ ಕಡಿಮೆ ಬಂತೆಂದು ನಮ್ಮನೆಯ ವೈರನ್ನೇ ಕತ್ತರಿಸಿದಿರಿ. ಹೌದು, ಪಾಠದ ನಡುವೆ ಹಾಳುಮೂಳು ವಿಡಿಯೊ ನೋಡಿದ್ದೇನೆ. ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರೆಯೇ? ತಲೆಗೆ ಹತ್ತದ ಲೆಕ್ಕವನ್ನು ಬೈಯದೆ ಮತ್ತೆ ಮತ್ತೆ ಹೇಳಿಕೊಟ್ಟದ್ದೂ ಅದೇ ಇಂಟರ್‌ನೆಟ್. ನಿಮ್ಮನ್ನು ಕೇಳಿದಾಗ "ನನ್ ತಲೆ ತಿನ್ಬೇಡ" ಅಂದಿರಿ.

ಈಗ ಮೇಲಿನ ಮನೆ ಆಂಟಿಯ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕ ಕೂತು, ಅವರ ವೈಫೈನಲ್ಲಿ ಪಾಠ ಕೇಳುತ್ತೇನೆ. ನಿನ್ನೆ ಅದು ಕೆಟ್ಟಾಗ ರಿಪೇರಿಗೆ ಬಂದವರು ನೀವೇ. ನನ್ನನ್ನು ದಾಟಿಕೊಂಡು ಒಳಗೆ ಹೋದಿರಿ. ಸರಿಮಾಡಿ ಬಂದು, ನನ್ನ ಫೋನನ್ನೇ ಈಸಿಕೊಂಡು ನೋಡಿ, "ಬಾಗಿಲವರೆಗೂ ಚೆನ್ನಾಗ್ ಬರ್ತಿದೆ ಮೇಡಂ" ಅಂದಿರಿ.

ನಾಳೆ ನಮ್ಮನೆ ವೈರು ಜೋಡಿಸಿ. ಬೇಕಾದರೆ ರಾತ್ರಿ ಫೋನು ನೀವೇ ಇಟ್ಟುಕೊಳ್ಳಿ.

ಇತಿ,
ಬಾಗಿಲಲ್ಲಿ ಕೂತಿದ್ದ ನಿಮ್ಮ ಮಗಳು