ಎಡಕ್ಕೆ ಒಂಬತ್ತು, ಬಲಕ್ಕೆ ಏಳು

ಓಹಾಯೋ, ನಮ್ಮ ಮನೆ
ಜುಲೈ 29, ಶನಿವಾರ

ಫೋನ್ ಎತ್ತದ ಲೈಲ್‌ಗೆ,

ಈ ವಾರ ಆರು ಸಲ ಫೋನ್ ಮಾಡಿದೆ. ಆರು ಸಲವೂ ಎತ್ತಿದ್ದು ನಿನ್ನ ತಂಗಿ ಜೋಲೀನ್. ಒಮ್ಮೆ ‘ಅಣ್ಣ ಮಲಗಿದಾನೆ’ ಅಂದಳು, ಇನ್ನೊಮ್ಮೆ ‘ಕೋಳಿಗೂಡಿನ ಹತ್ರ ಇದಾನೆ’ ಅಂದಳು. ಮಧ್ಯಾಹ್ನ ಎರಡು ಗಂಟೆಗೆ ನೀನು ಮಲಗಿದ್ದನ್ನು ಮೂವತ್ತೊಂದು ವರ್ಷದಲ್ಲಿ ನಾನು ನೋಡಿಲ್ಲ. ಸಾಕಾಗಿ ಹೋಗಿದೆ ನನಗೆ. ಅದಕ್ಕೇ ಕಾಗದ. ಇದನ್ನಾದರೂ ಜೋಲೀನ್ ನಿನ್ನ ಪರವಾಗಿ ಓದುವುದಿಲ್ಲ ಎಂದುಕೊಳ್ಳುತ್ತೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಜಾತ್ರೆ ಸಮಿತಿಯ ಡೆಲ್ಬರ್ಟ್ ಕರೆ ಮಾಡಿ, ‘ರೋಂಡಾ, ಈ ಸಲ ನಿಮ್ಮ ಪಿಕಪ್ ಭಾರದ ಸ್ಲೆಡ್ ಎಳೆಯೋ ಪಂದ್ಯಕ್ಕೆ ಬರುತ್ತೋ, ಇಲ್ಲ ಅದನ್ನ ಹೂವಿನ ಕುಂಡ ಮಾಡಿಟ್ಟಿದೀರೋ’ ಎಂದು ಕೇಳಿದ. ನನ್ನ ಸಿಟ್ಟು ನಿನಗೆ ಗೊತ್ತು. ‘ಬರುತ್ತೆ’ ಎಂದುಬಿಟ್ಟೆ. ಆಗಸ್ಟ್ ಹನ್ನೆರಡಕ್ಕೆ ನಮ್ಮ ಸರದಿ.

ಅಂದುಬಿಟ್ಟಿದ್ದು ಸುಲಭ. ಪಿಕಪ್ಪಿನ ಹತ್ತಿರ ಹೋಗಿ ನೋಡುತ್ತೇನೆ, ಮೂತಿ ನೆಲಕ್ಕೆ ಬಿದ್ದಿದೆ. ಫೆಬ್ರವರಿಯಲ್ಲಿ ಮನೆ ಬಿಡುವ ಮುಂಚೆ ನೀನು ಮುಂದಿನ ಸಸ್ಪೆನ್ಷನ್ನಿನಲ್ಲಿ ಮೂತಿ ಎತ್ತಿ ಹಿಡಿಯುವ ಎರಡೂ ಬೋಲ್ಟನ್ನು ಪೂರ್ತಿ ಸಡಿಲಿಸಿ ಹೋಗಿದ್ದೀಯ. ಇನ್ನು ಇದರ ಸಹವಾಸವೇ ಬೇಡ ಎಂದೋ? ಬಟ್ಟೆ ತುಂಬಿಕೊಂಡು ಹೋಗುವ ಗಂಡ ಪಿಕಪ್ಪಿನ ಕಾಲು ಮುರಿದು ಹೋಗುತ್ತಾನೆ ಎಂದು ಯಾರಿಗೆ ಹೇಳಲಿ.

ಸರಿ, ನಾನೇ ಕೂರಿಸುತ್ತೇನೆ ಎಂದು ಶೆಡ್ಡಿನ ಗೋಡೆಯ ಮೇಲೆ ನೀನು ಪೆನ್ಸಿಲಿನಲ್ಲಿ ಗೀಚಿದ್ದನ್ನು ಓದಲು ಹೋದೆ. ಕಾಗೆಕಾಲು ಗುಬ್ಬಿಕಾಲು. ಒಂದು ಕಡೆ ಎಣ್ಣೆ ಬದಲಿಸಿದ ತಾರೀಖು, ಅದರ ಮೇಲೆ ನನ್ನ ಅಕ್ಕನ ಫೋನ್ ನಂಬರು, ಅದರ ಕೆಳಗೆ ‘ಎಡ 9, ಬಲ 7’. ಅಷ್ಟೇ. ಯಾಕೆ ಎಡಕ್ಕೆ ಎರಡು ಸುತ್ತು ಹೆಚ್ಚು ಎಂದು ಒಂದು ಮಾತು ಬರೆಯಲು ನಿನ್ನ ಪೆನ್ಸಿಲ್ ಸವೆದುಹೋಗುತ್ತಿತ್ತೇ? ನಾಲ್ಕು ಚಕ್ರದ ಗಾಡಿ ಸಮ ನಿಲ್ಲಬೇಕು ತಾನೆ? ನಾನು ಮೂವತ್ತು ವರ್ಷದಿಂದ ಕೌದಿ ಹೊಲಿಯುವವಳು, ಅಂಚು ಸೊಟ್ಟ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ಹಾಗಾಗಿ ಗೋಡೆಯ ಮಾತು ಕೇಳದೆ ಎರಡೂ ಕಡೆ ಏಳೇಳು ಸುತ್ತು ಹಾಕಿದೆ. ಮೂತಿ ತೀರ ಎತ್ತರವಿದ್ದರೆ ಸ್ಲೆಡ್ಡಿನ ಭಾರ ಹಿಂದೆ ಕೂತಾಗ ಮುಂದಿನ ಚಕ್ರ ಮಣ್ಣು ಬಿಡುತ್ತದೆ, ತೀರ ತಗ್ಗಿದರೆ ಹಿಂದಿನ ಕೊಕ್ಕೆ ಮೇಲೇರಿ ಅಳತೆಯವರು ಹೊರಗೆ ಹಾಕುತ್ತಾರೆ. ಅಷ್ಟು ನನಗೂ ಗೊತ್ತು. ನಿನ್ನ ಜೊತೆ ಊಟಕ್ಕೆ ಕೂತವರಿಗೆಲ್ಲ ಗೊತ್ತು. ಪಕ್ಕದ ಮನೆಯ ಪೆಗ್ಗಿ ಟೇಪು ಹಿಡಿದಳು. ಎರಡೂ ಕಡೆ ಒಂದೇ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಷ್ಟು ಹೆಮ್ಮೆಯಾಯಿತು ಎಂದರೆ ಇಬ್ಬರೂ ಅಲ್ಲೇ ಕೂತು ಐಸ್ ಟೀ ಕುಡಿದೆವು.

ಆಮೇಲೆ ಪೆಗ್ಗಿ, ‘ಒಳಗೆ ಹತ್ತಿ ಕೂರೇ, ನಿನ್ ಕಾಲು ಪೆಡಲ್‌ಗೆ ಸಿಗುತ್ತೋ ಇಲ್ವೋ ನೋಡಣ’ ಅಂದಳು. ಹತ್ತಿದೆ. ಅವಳ ಟೇಪು ಇನ್ನೂ ಸ್ಟೀರಿಂಗ್ ಇರುವ ಎಡಗಡೆಯ ಮಡ್‌ಗಾರ್ಡಿಗೆ ಸಿಕ್ಕಿಕೊಂಡೇ ಇತ್ತು. ‘ಅಯ್ಯೋ ರೋಂಡಾ, ಇಳೀತಲ್ಲೇ’ ಅಂದಳು. ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಪ್ರತಿ ಸಲವೂ ಕಾಲು ಇಂಚು. ಪೆಗ್ಗಿ ನಗುತ್ತ, ‘ಬೆಣ್ಣೆ ಕಮ್ಮಿ ತಿನ್ನು’ ಅಂದಳು. ನಾನು ನಗಲಿಲ್ಲ. ನಾನು ನೂರ ನಲವತ್ತು ಪೌಂಡು, ಲೈಲ್. ನೀನು ಇನ್ನೂರ ಎಂಬತ್ತು.

ಇಲ್ಲಿ ಒಂದು ಪ್ರಶ್ನೆ. ಈಗ ನಿನ್ನ ತೂಕ ಎಷ್ಟು? ಯಾಕೆ ಎಂದು ಕೇಳಬೇಡ, ಸುಮ್ಮನೆ ಹೇಳು. ಜೋಲೀನ್ ಮನೆಯಲ್ಲಿ ಬರೀ ಎಲೆ ಸೊಪ್ಪು ಹಾಕುತ್ತಾಳೆ ಎಂದು ಕೇಳಿದ್ದೇನೆ. ಹತ್ತು ಪೌಂಡಿಗಿಂತ ಹೆಚ್ಚು ಇಳಿದಿದ್ದರೆ ನನಗೆ ಮೊದಲೇ ತಿಳಿಯಬೇಕು.

ಈಗ ನೀನು ಕೇಳಲು ಇಷ್ಟಪಡದ ಮಾತು. ಕಳೆದ ಆಗಸ್ಟಿನ ಮಾತು. ನೀನು ಇನ್ನೂರ ಎಪ್ಪತ್ತು ಅಡಿ ಎಳೆದಿದ್ದೆ, ಇನ್ನು ಮೂವತ್ತು ಅಡಿ ಹೋಗಿದ್ದರೆ ಪೂರ್ತಿ. ಅಷ್ಟರಲ್ಲಿ ಗಾಡಿ ಎಡಕ್ಕೆ ಕುಗ್ಗಿ, ಎಡಕ್ಕೇ ತಿರುಗಿ, ಸುಣ್ಣದ ಗೆರೆ ದಾಟಿತು. ಕೆಂಪು ಬಾವುಟ ಬಿತ್ತು, ಪಂದ್ಯದಿಂದ ಹೊರಗೆ. ಗೆರೆ ದಾಟಿದವರು ನೀನೊಬ್ಬನೇ ಅಲ್ಲ, ಡೆಲ್ಬರ್ಟ್ ಎರಡು ಸಲ ದಾಟಿದ್ದಾನೆ, ಇಂದಿಗೂ ಅದನ್ನೇ ಹೇಳಿಕೊಂಡು ಬಿಯರ್ ಕುಡಿಯುತ್ತಾನೆ. ಆದರೆ ನೀನು ಗಾಡಿಯ ಕೆಳಗೆ ನುಗ್ಗಿ ಎಡಗಡೆಯ ಬೋಲ್ಟನ್ನು ಸಡಿಲಿಸುತ್ತ ಎಣಿಸಿದೆ. ಏಳು. ‘ಒಂಬತ್ತು ಹಾಕಿದ್ದೆ ರೋಂಡಾ, ಎಣಿಸೇ ಹಾಕಿದ್ದೆ’ ಅಂದೆ. ‘ಬೆಳಿಗ್ಗೆಯಿಂದ ಗಾಡಿ ಹತ್ರ ನೀನೇ ಇದ್ದೆಯಲ್ಲ, ಯಾರಾದ್ರೂ ಮುಟ್ಟಿದ್ರಾ’ ಎಂದು ನೀನು ಕೇಳಿದೆ. ಯಾರೂ ಮುಟ್ಟಿಲ್ಲ ಎಂದು ನಾನು ಹೇಳಿದೆ. ನಿನ್ನ ನಿಂಬೆ ಷರಬತ್ತು ನನ್ನ ಕೈಯಲ್ಲೇ ಬಿಸಿಯಾಗುತ್ತಿತ್ತು, ನೀನು ಎಷ್ಟು ಹೊತ್ತಾದರೂ ಗಾಡಿಯ ಕೆಳಗಿಂದ ಹೊರಗೆ ಬರಲಿಲ್ಲ.

ಅಲ್ಲಿಂದ ಶುರುವಾಯಿತು. ನಿಮ್ಮಪ್ಪನಿಗೂ ಮೊದಲು ಎಣಿಕೆಯೇ ತಪ್ಪಿದ್ದು, ಆಮೇಲೆ ಹೆಸರುಗಳು, ಆಮೇಲೆ ನಿಮ್ಮಮ್ಮನ ಮುಖ. ‘ಇನ್ನು ನನ್ನ ಸರದಿ’ ಎಂದು ನೀನು ಅಂದುಬಿಟ್ಟೆ. ಕೀಲಿಕೈ ಎಲ್ಲೋ ಇಟ್ಟರೆ ಅದೇ ರೋಗ, ಪೆಗ್ಗಿಯ ನಾಯಿಯ ಹೆಸರು ಮರೆತರೆ ಅದೇ ರೋಗ. ಆ ನಾಯಿಯ ಹೆಸರು ಪೆಗ್ಗಿಗೇ ನೆನಪಿರುವುದಿಲ್ಲ. ಡಾಕ್ಟರು ಮೂರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೆ, ‘ಅಪ್ಪಂಗೂ ಮೊದಲು ಹಂಗೇ ಅಂದಿದ್ರು’ ಎನ್ನುತ್ತೀಯ. ಗೋಡೆಗೆ ಹೇಳಿದ ಹಾಗೆ. ‘ನಿಮ್ಮತ್ತೆ ಪಟ್ಟಿದ್ದನ್ನ ನೀನು ಪಡೋದು ಬೇಡ’ ಎಂದು ಚೀಲ ಹಿಡಿದು ನರ್ಸ್ ತಂಗಿಯ ಮನೆಗೆ ಹೊರಟೆ. ನನ್ನನ್ನು ಕೇಳಿದೆಯಾ? ಪಡುವುದೋ ಬಿಡುವುದೋ ನನಗೆ ಬಿಟ್ಟ ವಿಷಯವಲ್ಲವೇ?

ನಾನೂ ನಂಬಿದ್ದೆ, ಲೈಲ್. ಅದನ್ನೂ ಹೇಳಿಬಿಡಬೇಕು. ನಿನಗೆ ಮರೆವು ಶುರುವಾಗಿದೆ ಎಂದು ನಿನಗಿಂತ ಅರ್ಧ ದಿನ ಮುಂಚೆಯೇ ನಾನು ನಂಬಿದ್ದೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ, ನಿನಗೆ ಕೇಳಿಸಬಾರದೆಂದು. ಈಗ ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂದಿದೆ ಎಂದರೆ ಅಡಿಗೆಮನೆಯ ಬಾಗಿಲನ್ನು ಎರಡು ಸಲ ಬಡಿದಿದ್ದೇನೆ.

ಪೆಗ್ಗಿ ಹೋದ ಮೇಲೆ ಬಟ್ಟೆ ತೆಗೆದುಕೊಂಡು ಆ ಗೋಡೆ ಒರೆಸಿದೆ. ಎಣ್ಣೆ ಧೂಳಿನ ಕೆಳಗೆ ಸಾಲಾಗಿ ಇವೆ. ಒಂಬತ್ತು ವರ್ಷದ ಜಾತ್ರೆ, ಒಂಬತ್ತು ತಾರೀಖು. ಪ್ರತಿ ವರ್ಷವೂ ಎಡ 9, ಬಲ 7. ಕಳೆದ ವರ್ಷದ್ದೂ ಅದೇ, ಜಾತ್ರೆಯ ಹಿಂದಿನ ದಿನದ ತಾರೀಖು ಹಾಕಿದ್ದೀಯ. ಒಂದೇ ಕೈ, ಒಂದೇ ಅಂಕಿ. ಮರೆಯುವವನ ಗೋಡೆ ಹೀಗಿರುವುದಿಲ್ಲ.

ಬೀನ್ಸ್ ಬಿಡಿಸುವುದು ರಾಶಿ ಇದೆ. ನಿನ್ನ ಬೂಟು ಇನ್ನೂ ಹಿಂಬಾಗಿಲಲ್ಲೇ ಇವೆ, ದಿನಾ ಎಡವುತ್ತೇನೆ, ತೆಗೆದಿಟ್ಟಿಲ್ಲ. ಫೋನ್ ಬಂದರೆ ನೀನೇ ಎತ್ತು.

ನಿನ್ನ ಮೇಲೂ ತನ್ನ ಮೇಲೂ ಸಮನಾಗಿ ಸಿಟ್ಟಾಗಿರುವ,
ರೋಂಡಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಳೆದ ವರ್ಷ ಜಾತ್ರೆಯ ಬೆಳಿಗ್ಗೆ ನೀನು ಪಂದ್ಯದ ನಂಬರು ತರಲು ಹೋಗಿದ್ದಾಗ ಗಾಡಿ ಬಲಕ್ಕೆ ವಾಲಿದಂತೆ ಕಂಡಿತು. ಹೊಲಿಗೆಯ ಟೇಪು ಹಿಡಿದು ನೋಡಿದೆ, ಎಡಗಡೆ ಎತ್ತರ. ನಿನಗೆ ಎಣಿಕೆ ತಪ್ಪಿತು, ಜನರೆದುರು ಮಾನ ಹೋಗುವುದು ಬೇಡ ಎಂದು ಜಾಕ್ ಕೊಟ್ಟು, ಕೆಳಗೆ ಮಲಗಿ, ಎಡಗಡೆಯ ಬೋಲ್ಟನ್ನು ಎರಡು ಸುತ್ತು ಬಿಚ್ಚಿದೆ. ಒಳಗೆ ಯಾರೂ ಕೂತಿರಲಿಲ್ಲ. ಆ ಎರಡು ಸುತ್ತು ನಿನ್ನ ಭಾರಕ್ಕೆ ಎಂದು ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ನೀನು ಒಂಬತ್ತೇ ಹಾಕಿದ್ದೆ. ನಿನ್ನ ತಲೆ ಸರಿಯಾಗಿಯೇ ಇತ್ತು.

ಈಗ ಮತ್ತೆ ಎಡಕ್ಕೆ ಒಂಬತ್ತು ಹಾಕಿದ್ದೇನೆ. ಡೆಲ್ಬರ್ಟನಿಗೆ ಓಡಿಸುವವರ ಹೆಸರು ನಿನ್ನದೇ ಕೊಟ್ಟಿದ್ದೇನೆ. ಪಿಕಪ್ಪು ಶೆಡ್ಡಿನಲ್ಲಿ ಬಲಕ್ಕೆ ವಾಲಿಕೊಂಡು ನಿಂತಿದೆ. ದಿನಾ ಹೋಗಿ ನೋಡುತ್ತೇನೆ, ಕೈ ತುರಿಸುತ್ತದೆ. ಈ ಸಲ ಮುಟ್ಟಿಲ್ಲ.