ಅಪ್ಪನಿಗೆ ಹೇಳದೆ ಉಳಿದ ಗ್ರಹಣ

ಆಸ್ಪತ್ರೆಯ ಮೂರನೇ ವಾರ್ಡಿನಿಂದ,
ಹದಿನಾಲ್ಕನೇ ತಾರೀಖು, ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೂತಲ್ಲೇ ಕೂತು ಗಡಿಯಾರ ರಿಪೇರಿ ಮಾಡಬೇಡ, ನಡುನಡುವೆ ಎದ್ದು ಓಡಾಡು. ಹೊಲಿಗೆ ಯಂತ್ರದ ಮುಂದೆ ನಾನೂ ಅದನ್ನೇ ಮಾಡುತ್ತೇನೆ, ಬುದ್ಧಿ ಮಾತ್ರ ನಿನಗೆ ಹೇಳುತ್ತೇನೆ.

ನಿನ್ನೆ ಪೂರ್ಣ ಸೂರ್ಯಗ್ರಹಣ. ಅಮ್ಮನನ್ನು ಗಾಲಿಕುರ್ಚಿಯಲ್ಲಿ ತಾರಸಿಗೆ ಕರೆದೊಯ್ದೆ. ಕೆಲಸದಲ್ಲಿದ್ದಷ್ಟು ಕಾಲ ವೀಕ್ಷಣಾಲಯದಲ್ಲಿ ಕೂತು ದಿನಾ ಸೂರ್ಯನ ಕಲೆಗಳನ್ನು ಬಿಡಿಸಿದವಳು. ಸಕ್ಕರೆ ಕಾಯಿಲೆ ಈಗ ಅವಳ ಕಣ್ಣನ್ನು ಪೂರ್ತಿ ತಿಂದುಹಾಕಿದೆ. ತಣ್ಣನೆ ಗಾಳಿ ಬೀಸಿದ್ದೇ ನನ್ನ ಕೈ ಹಿಡಿದು, "ಏನು ಕಾಣ್ತಿದೆ, ಹೇಳ್ತಾ ಹೋಗು," ಅಂದಳು. ಹೊಲಿಗೆಯವಳಿಗೆ ಇದೆಲ್ಲ ಎಲ್ಲಿ ಗೊತ್ತು? ಕಪ್ಪು ತಟ್ಟೆ, ಅಂಚಿಗೆ ಪೈಪಿಂಗ್ ಕೊಟ್ಟ ಹಾಗೆ ಕೆಂಪು ಗೆರೆ ಅಂದೆ. "ಅದು ವರ್ಣಗೋಳ. ದಿನಾ ಕಾಣೋ ಮೇಲ್ಮೈಗಿಂತ ಒಂದು ಪದರ ಆಚೆ. ಅದರಾಚೆ?" ಬಿಳಿ ರೇಷ್ಮೆ ಎಳೆಗಳು ಬಿಚ್ಚಿಕೊಂಡು ಸುತ್ತಲೂ ಹರಡಿವೆ ಅಂದೆ. "ಅದೇ ಸೂರ್ಯನ ಕಿರೀಟ, ಕರೋನಾ. ಮೇಲ್ಮೈಗಿಂತ ನೂರಾರು ಪಟ್ಟು ಬಿಸಿ. ಒಲೆಯಿಂದ ದೂರ ಹೋದಷ್ಟೂ ಕಾವು ಹೆಚ್ಚೋದು ಎಲ್ಲಾದ್ರೂ ಕೇಳಿದ್ದೀಯಾ?" ಎಂದು ನಕ್ಕಳು. ನಗುತ್ತಲೇ ಅಳು ಬಂತು ಅವಳಿಗೆ.

ಅಪ್ಪ ತೀರಿಕೊಂಡ ದಿನ ಅವಳು ಗ್ರಹಣ ನೋಡಲು ದೂರ ಹೋಗಿದ್ದಳಲ್ಲ. ಅಂದಿನಿಂದ ನೀನು ಅವಳ ಜೊತೆ ಮಾತು ಬಿಟ್ಟೆ, ಅವಳೂ ಬಾಯಿ ಬಿಡಲಿಲ್ಲ. ನಿನ್ನೆ ಹೇಳಿದಳು. ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಹೋಗುವುದಿಲ್ಲವೆಂದು ಪೆಟ್ಟಿಗೆಯ ಬಟ್ಟೆಯನ್ನೆಲ್ಲ ತೆಗೆದಿಟ್ಟಿದ್ದಳಂತೆ. ಅಪ್ಪನೇ ಹಟ ಮಾಡಿ ಮತ್ತೆ ತುಂಬಿಸಿದರಂತೆ. "ನೋಡ್ಕೊಂಡು ಬಾ, ಬಂದು ನಂಗೆ ಹೇಳು. ನಾನೆಲ್ಲಿಗೆ ಹೋಗ್ತೀನಿ," ಅಂದಿದ್ದರಂತೆ. ಬಂದಾಗ ಕೇಳಲು ಅವರೇ ಇರಲಿಲ್ಲ.

ಅಣ್ಣನಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಸಿಟ್ಟು ನನ್ನ ಮೇಲೇ ಇರ್ಲಿ. ಹೋದವರ ಮೇಲೆ ಬೇಡ," ಅಂದಳು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು, ಮಕ್ಕಳಿಗೆ ಅತ್ತೆಯ ಮುತ್ತುಗಳು.

ನಿನ್ನ ತಂಗಿ

ಮತ್ತೆ: ನಿನ್ನನ್ನು ಬಾ ಅಂತ ಬರೆಯಕೂಡದೆಂದು ಅಮ್ಮ ಹೇಳಿದ್ದಳು, ಅದಕ್ಕೇ ಮೇಲೆ ಬರೆಯಲಿಲ್ಲ. ಬೆಳಿಗ್ಗೆಯಿಂದ ಅವಳ ಗಂಟಲಲ್ಲಿ ನೀರೂ ಇಳಿದಿಲ್ಲ. ಕರೆಸುವವರಿದ್ದರೆ ಕರೆಸಿಬಿಡಿ ಎಂದರು ಡಾಕ್ಟರು. ಈ ಕಾಗದವನ್ನು ನಮ್ಮವರೇ ತಂದು ನಿನ್ನ ಕೈಗೆ ಕೊಡುತ್ತಾರೆ. ಅವರ ಜೊತೆಗೇ ಹೊರಟು ಬಾ. ಮಂಪರಿನಲ್ಲಿ ಅಮ್ಮ ನನ್ನ ಕೈ ಸವರಿ, ನೀನೇ ಬಂದೆ ಅಂದುಕೊಂಡಳು. ನಾನು ಹೂಂ ಅಂದುಬಿಟ್ಟೆ.