ಸೆಂಟರ್ ಬದಲಾವಣೆ

ಜನವರಿ 9, ಮಧ್ಯಾಹ್ನ

ಊಟದ ಬಿಡುವು. ಚಪ್ಪಲಿ ಅಂಗಡಿ ಗೋಡೌನಲ್ಲಿ ಡಬ್ಬಿಗಳ ಮಧ್ಯೆ ಕೂತು ಮತ್ತೆ ಕಾಸ್ಟಿಂಗ್ ಲೆಕ್ಕ. ತಲೆಗೆ ಹತ್ತಲ್ಲ. ಪಾರ್ಟ್ನರ್ ಫೋನಲ್ಲಿ ಹೇಳಿಕೊಟ್ರೆ ಮಾತ್ರ ಹತ್ತುತ್ತೆ. ದೂರಶಿಕ್ಷಣದ ಅಕೌಂಟ್ಸ್ ಕೋರ್ಸಿನವರು ಇಬ್ಬಿಬ್ಬರನ್ನ ಜೋಡಿ ಮಾಡಿ, ಓದ್ಕೊಳ್ಳಿ ಅಂತ ಬಿಟ್ಟರು. ನಾನಿಲ್ಲಿ. ಅವರು ಒಂದು ರಾತ್ರಿ ಬಸ್ಸಿನಷ್ಟು ದೂರ, ಔಷಧಿ ಅಂಗಡಿ ಕೌಂಟರಲ್ಲಿ. ಇಷ್ಟು ಕಾಲ ಆಯ್ತು, ಮುಖ ನೋಡಿಲ್ಲ. "ಫೋಟೊ ಕಳಿಸಲಾ ಮೇಡಂ?" ಅಂದಿದ್ರು ಒಮ್ಮೆ. ಬೇಡ ಅಂದೆ. ನನ್ನ ಬಿಂಕಕ್ಕಿಷ್ಟು ಬೆಂಕಿ ಹಾಕ!

ಜನವರಿ 22

ಪರೀಕ್ಷೆ ಸೆಂಟರ್ ಬದಲಾಯಿಸೋಕೆ ಇವತ್ತೇ ಕಡೇ ದಿನ. ಅವರೂರು ಹಾಕಿಬಿಟ್ಟೆ. ಹೇಳಲ್ಲ. ಗೇಟಲ್ಲಿ ದನಿಯಿಂದಲೇ ಗುರುತು ಹಿಡಿದು, ಹಿಂದಿನಿಂದ ಹೋಗಿ "ಪಾರ್ಟ್ನರ್" ಅನ್ಬೇಕು.

ಅಮ್ಮಂಗೆ, ಇಲ್ಲಿ ಸೀಟಿಲ್ವಂತೆ ಅಂದೆ. ಹೊಲಿಗೆ ಮಿಷನ್ನಿಂದ ತಲೆ ಎತ್ತಲಿಲ್ಲ. "ಆ ಊರಲ್ಲೇನು ಚಿನ್ನದ ಬೆಂಚು ಹಾಕಿದಾರಾ?" ಇವಳಿಗೆ ಮೈಯೆಲ್ಲಾ ಕಣ್ಣು.

ಮಾರ್ಚ್ 12

ಗೇಟಲ್ಲಿ ಬಂದ ಗಂಡಸರನ್ನೆಲ್ಲ ನಾಚಿಕೆ ಬಿಟ್ಟು ನೋಡಿದೆ. ಬೆಲ್ ಹೊಡೀತು. ಏನು ಬರೆದೆನೋ, ದೇವರಿಗೇ ಗೊತ್ತು. ಹೊರಗೆ ಬಂದು ಫೋನ್ ಆನ್ ಮಾಡಿದ್ರೆ ಅವರೇ.

"ಎಲ್ಲಿದ್ದೀರಿ ಮೇಡಂ? ಸೆಂಟರ್ ಬದಲಾಯಿಸ್ಕೊಂಡು ಬಂದೆ. ನಿಮ್ಮೂರ ಗೇಟಲ್ಲಿ ಕಾದು ಕಾದು ಸಾಕಾಯ್ತು."

"ನಾನು... ನಿಮ್ಮೂರ ಗೇಟಲ್ಲಿದೀನಿ."

 ಇಬ್ಬರಿಗೂ ಹೊಟ್ಟೆ ಹುಣ್ಣಾಗೋ ಹಾಗೆ ನಗು. ಲಾಡ್ಜಿಗೆ ಬಂದು ಅತ್ತೆ. ಮಿಕ್ಕ ಪೇಪರೆಲ್ಲ ಹೀಗೇ — ಅವರು ಅಲ್ಲಿ, ನಾನು ಇಲ್ಲಿ.

ಮಾರ್ಚ್ 14

ಅವರ ಔಷಧಿ ಅಂಗಡಿಗೆ ಹೋಗಿದ್ದೆ. ತಲೆನೋವಿನ ಮಾತ್ರೆ ಕೇಳಿದೆ. ಖಾಲಿ ಸ್ಟೂಲಿನ ಮೇಲೆ ಸ್ವೆಟರ್, ಮೊಣಕೈ ಸವೆದಿದೆ. "ರಜಾದಲ್ಲಿರೋ ಹುಡುಗಂದು," ಅಂದ್ರು ಮಾಲೀಕರು. ಒಂದ್ಸಲ ಮುಟ್ಟಬೇಕು ಅನ್ನಿಸ್ತು. ಕೌಂಟರ್ ಅಡ್ಡ.

ಸಂಜೆ ಅಮ್ಮನ ಫೋನು. "ಯಾವನೋ ಮನೆ ಕೇಳ್ಕೊಂಡು ಬಂದಿದ್ದ ಕಣೇ. ನೀಲಿ ಚೀಲಕ್ಕೆ ಜಿಪ್ ಹಾಕಿಸ್ಕೊಂಡ. ಕೆಂಪುದೇ ಇರೋದು ಅಂದ್ರೆ, ಅದೇ ಇರ್ಲಿ ಅಮ್ಮ ಅಂದ. ಕೆಲಸ ಮುಗಿದ್ರೂ ಏಳಲಿಲ್ಲ. ಗೋಡೆ ಮೇಲಿನ ನಿನ್ನ ಫೋಟೊನೇ ನೋಡ್ತಾ ಕೂತ." ಕೊನೆಗೆ, "ಅವನೇ ತಾನೇ ಚಿನ್ನದ ಬೆಂಚು?"

ಮೋಸ! ಅವರು ನೋಡಿಬಿಟ್ರು. ನನಗಿನ್ನೂ ಬರೀ ದನಿ.

ಮಾರ್ಚ್ 17

ಕೊನೇ ಪೇಪರ್ ಆಯ್ತು. ಬಸ್ ಸ್ಟ್ಯಾಂಡಿಗೆ ಓಡ್ತಿದ್ದೆ, ಅವರ ಫೋನು. "ಹತ್ತಬೇಡಿ ಮೇಡಂ! ಇಬ್ಬರೂ ಹೊರಟ್ರೆ ಮತ್ತೆ ಅದೇ ಕಥೆ. ಒಬ್ಬರು ಅಲ್ಲಾಡದೆ ಇರಬೇಕು."

ನಾನಿರ್ತೀನಿ ಅಂದೆ.

"ಇರು. ಬಂದೆ," ಅಂದ್ರು. ಮೊದಲ ಸಲ, ಮೇಡಂ ಇಲ್ಲದೆ.

ಮಾರ್ಚ್ 18, ಬೆಳಗ್ಗೆ, ಬಸ್ ಸ್ಟ್ಯಾಂಡ್

ಪಾಸೋ ಫೇಲೋ, ಹಾಳಾಗ್ಹೋಗ್ಲಿ. ಇಷ್ಟು ದಿನ ಬರೀ ದನಿ ಇಟ್ಕೊಂಡು ಬದುಕಿದ್ದು ಸಾಕು. ಮುಖ ಬೇಕು. ಪಕ್ಕದಲ್ಲಿ ಕೂತ ಮನುಷ್ಯ ಬೇಕು.

ಬಸ್ ಬಂತು. ಒಬ್ಬ ಹೆಂಗಸು, ಮಗು. ಊರುಗೋಲಿನ ಅಜ್ಜ. ಆಮೇಲೆ ಯಾರೂ ಇಲ್ಲ... ಇಲ್ವಾ? ಕಂಡಕ್ಟರ್ ಬಾಗಿಲು ಎಳೀತಿದಾನೆ — ತಡಿ, ತಡಿ — ನೀಲಿ ಚೀಲ. ಕೆಂಪು ಜಿ—